ಸ್ವಲ್ಪ ಅಲ್ಲಾಡ್ರಿ, ಅಚ್ಚು ಬೀಳ್ತದ!

ದೆವ್ವಕ್ಕೆ ಹೆದರುವವರನ್ನು ನೀವು ನೋಡಿರುತ್ತೀರಿ. ಹಲ್ಲಿಗೆ, ಜಿರಲೆಗೆ, ಹೆಂಡತಿಗೆ ಹೆದರುವವರನ್ನೂ ನೋಡಿರುತ್ತೀರಿ. ಆದರೆ ತನ್ನ ಪಾಡಿಗೆ ತಾನು ಅಲುಗಾಡದೆ ಒಂದೇ ಕಡೆ ಕುಳಿತಿರುವ ಚಿತ್ರಕ್ಕೆ ಹೆದರುವ ಮನುಷ್ಯನನ್ನು ಎಲ್ಲಾದರೂ ನೋಡಿದ್ದೀರಾ? ಇಲ್ಲವಾದರೆ ಪುಣೆಗೆ ಬನ್ನಿ. ಖಡಕಿಯಲ್ಲಿ, ನಮ್ಮ ಕಟ್ಟಡದ ನೆಲಮಹಡಿಯಲ್ಲಿ ನಮ್ಮ ಕಾಕಾ ಇದ್ದಾರೆ. ಬರುವಾಗ ಮೊಬೈಲನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ. ತಂದಿರೋ, ನೀವು ಚಹಾ ಕುಡಿದು ಕಪ್ ಕೆಳಗಿಡುವುದರೊಳಗೆ ಅದರ ಗಡಿಯಾರ ಎಡದಿಂದ ಬಲಕ್ಕೆ ಹೋಗಿರುತ್ತದೆ, ನಿಮ್ಮ ಮಗುವಿನ ಫೋಟೋ ಮಾಯವಾಗಿ ಪರದೆಯೆಲ್ಲ ಕಾಡಿಗೆ ಬಳಿದಂತೆ ಕಪ್ಪಾಗಿರುತ್ತದೆ!

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಊರು ಬಾಗಲಕೋಟೆ ಕಡೆಯದು. ಚಿಗುರು ಮೀಸೆಯ ವಯಸ್ಸಿನಲ್ಲೇ ಪುಣೆಗೆ ಬಂದು, ಒಂದು ಕಾರ್ಖಾನೆಯ ತಪಾಸಣೆ ಖಾತೆಗೆ ಸೇರಿ, ಸಾಲಾಗಿ ಬರುವ ಲೋಹದ ತುಂಡುಗಳನ್ನು ಒಂದೊಂದಾಗಿ ಎತ್ತಿ ನೋಡಿ ‘ಪಾಸ್’, ‘ಫೇಲ್’ ಎನ್ನುತ್ತಲೇ ನಿವೃತ್ತರಾದವರು. ನಿವೃತ್ತಿಯ ದಿನ ಜೊತೆಗಾರರು ಒಂದು ಹಾರ, ಒಂದು ಶಾಲು, ಒಂದು ಹೊಸ ಮೊಬೈಲ್ ಕೊಟ್ಟರು. ಹಾರ ಒಣಗಿತು. ಶಾಲನ್ನು ಅವರ ಹೆಂಡತಿ, ಅಂದರೆ ನಮ್ಮ ಕಾಕು, ಟ್ರಂಕಿಗೆ ಸೇರಿಸಿದರು. ಮೊಬೈಲ್ ಮಾತ್ರ ನಮ್ಮೆಲ್ಲರ ಕೊರಳಿಗೆ ಬಿತ್ತು!

ಅಪ್ಪ ತೀರಿಕೊಂಡ ಮೇಲೆ ನಮಗೆ ಹಿರಿಯರೆಂದರೆ ಕಾಕಾನೇ. ನಾನು, ಅವ್ವ, ತಂಗಿ ವೀಣಾ ಮೂರನೇ ಮಹಡಿಯಲ್ಲಿ, ಕಾಕಾ-ಕಾಕು ಕೆಳಗೆ. ಅವರಿಗೆ ಮಕ್ಕಳಿಲ್ಲ. ಹಾಗಾಗಿ ಕಾಕಾ ಹೊಸದಾಗಿ ಏನು ಕಲಿತರೂ ಅದರ ಪ್ರಯೋಗಕ್ಕೆ ಒದಗುವ ಭಾಗ್ಯ ನಮ್ಮದು.

ಮೊಬೈಲ್ ಬಂದ ಮೊದಲ ಎರಡು ತಿಂಗಳು ಸುಖವಾಗಿದ್ದೆವು. ಅನಾಹುತ ಶುರುವಾದದ್ದು ಒಂದು ರಿಕ್ಷಾದಲ್ಲಿ. ಶಿವಾಜಿನಗರದಿಂದ ನಾನೂ ಕಾಕಾನೂ ಮನೆಗೆ ಬರುತ್ತಿದ್ದೆವು. ರಿಕ್ಷಾದವನು ಹ್ಯಾಂಡಲಿನ ಪಕ್ಕ ಮೊಬೈಲ್ ಸಿಕ್ಕಿಸಿ, ದಾರಿ ತೋರಿಸುವ ನಕ್ಷೆ ಹಚ್ಚಿಕೊಂಡಿದ್ದ. ಸಿಗ್ನಲಿನಲ್ಲಿ ನಿಂತಾಗ ಅದನ್ನು ಮುಚ್ಚಿ, ಹೆಂಡತಿ ಕಳಿಸಿದ ಸಾಮಾನಿನ ಪಟ್ಟಿ ತೆರೆದ. ಹಿಂದಿನ ಸೀಟಿನಿಂದ ಕಾಕಾ ಬಗ್ಗಿ ನೋಡಿದರು. (ಬೇರೆಯವರ ಮೊಬೈಲಿನಲ್ಲಿ ಇಣುಕಬಾರದು ಎಂಬ ನಿಯಮ ತಪಾಸಣೆ ಖಾತೆಯವರಿಗೆ ಅನ್ವಯಿಸುವುದಿಲ್ಲ.) ಬಿಳಿ ಪರದೆಯ ಮೇಲೆ ತೊಗರಿಬೇಳೆ, ಈರುಳ್ಳಿಗಳ ಹಿಂದೆ ಮಸುಕುಮಸುಕಾಗಿ ಆ ನಕ್ಷೆಯ ಬಾಣ ಇನ್ನೂ ನಿಂತಿತ್ತು! ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ನಡುವೆ ಬಾಣ.

“ಅಹೋ, ಹೇ ಕಾಯ್?” ಇದೇನ್ರೀ ಇದು, ಎಂದು ಕಾಕಾ ಚೀರಿದ ರಭಸಕ್ಕೆ ರಿಕ್ಷಾದವನು ಗಾಬರಿಯಾಗಿ ಬ್ರೇಕ್ ಒತ್ತಿದ. ನಿಂತಿದ್ದ ರಿಕ್ಷಾಕ್ಕೆ!

ಅವನು ನಿಟ್ಟುಸಿರಿಟ್ಟು ಮರಾಠಿಯಲ್ಲಿ ವಿವರಿಸಿದ. ಬೆಳಗಿನಿಂದ ಸಂಜೆಯವರೆಗೆ ನಕ್ಷೆ ಹಚ್ಚಿಯೇ ಇರುತ್ತದೆ, ಅದರ ಗುರುತು ಪರದೆಗೆ ಕೂತುಬಿಟ್ಟಿದೆ, ಇನ್ನು ಹೋಗುವುದಿಲ್ಲ. “ಆತಾ ಮರೇಪರ್ಯಂತ ಅಸಂಚ, ಕಾಕಾ!” ಎಂದ. ಸಾಯುವವರೆಗೂ ಹೀಗೇ ಅಂತೆ!

ಕಾಕಾನ ಮುಖ ಬಿಳಿಚಿಕೊಂಡಿತು. ಖಡಕಿಯಲ್ಲಿ ಇಳಿದ ಮೇಲೆ ನನ್ನ ಕೈ ಹಿಡಿದು, “ನೋಡಿದಿಲ್ಲವಾ ನೀನು? ಮುಚ್ಚಿದ್ರೂ ಹೋಗ್ಲಿಲ್ಲದು!” ಎಂದರು. ನನಗೂ ಒಂದು ಕ್ಷಣ ಮೈ ಜುಮ್ಮೆಂದಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ಸಂಜೆಯೇ ಕಾಕಾ ಅಧ್ಯಯನಕ್ಕೆ ಕುಳಿತರು. ಈಗಿನ ಪರದೆಗಳಲ್ಲಿ ಒಂದೊಂದು ಚುಕ್ಕೆಯೂ ತಾನೇ ಉರಿಯುವ ಪುಟ್ಟ ದೀಪವಂತೆ. ಒಂದೇ ಚಿತ್ರ ಒಂದೇ ಜಾಗದಲ್ಲಿ ಬಹಳ ದಿನ ನಿಂತರೆ ಆ ಜಾಗದ ದೀಪಗಳು ಬೇಗ ಸವೆದು, ಚಿತ್ರದ ನೆರಳು ಖಾಯಂ ಉಳಿಯುತ್ತದಂತೆ. ಇಂಗ್ಲಿಷಿನಲ್ಲಿ ಅದಕ್ಕೆ ಬರ್ನ್-ಇನ್ ಎನ್ನುತ್ತಾರಂತೆ. ಕಾಕಾ ಅದಕ್ಕಿಟ್ಟ ಹೆಸರು ‘ಅಚ್ಚು ಬೀಳೂದು’. ಇದನ್ನೆಲ್ಲ ಕಾಕುಗೆ ಅರ್ಧ ತಾಸು ವಿವರಿಸಿದರು. ಕಾಕು ಹೆಸರುಕಾಳು ಆರಿಸುತ್ತಲೇ ಕೇಳಿ, ಕೊನೆಗೆ ಅಂದರು:

“ಸುಡ್ತದ ಅಂದ್ರ ಸ್ವಲ್ಪ ತಣ್ಣೀರ ಹಾಕ್ರಲ್ಲ.”

ನಾನು ಸಮಾಧಾನ ಮಾಡಲು ಹೋದೆ. “ಕಾಕಾ, ಆ ರಿಕ್ಷಾದವನ ಹಂಗ ದಿನಾಪೂರ್ತಿ ಹಚ್ಚಿಟ್ರ ಮಾತ್ರ ಹಂಗಾಗ್ತದ. ಈಗಿನ ಫೋನು ತಾವ ಚಿತ್ರ ಒಂಚೂರು ಆಕಡೆ ಈಕಡೆ ಸರಸ್ತಾವಂತ. ಕಂಪನಿಯವರ ಹೇಳ್ತಾರ.”

ಕಾಕಾ ನನ್ನನ್ನು ಫೇಲಾದ ತುಂಡಿನಂತೆ ನೋಡಿದರು. “ಕಂಪನಿ ಹೇಳಿದ್ದ ನಂಬೂದಿದ್ರ ತಪಾಸಣಿ ಖಾತೆ ಯಾಕ ಬೇಕಿತ್ತವಾ?”



ಮರುದಿನದಿಂದ ಎರಡು ಮನೆಗಳಲ್ಲೂ ಹೊಸ ಆಡಳಿತ ಜಾರಿಗೆ ಬಂತು. ಎಲ್ಲರ ಪರದೆಯ ಹಿನ್ನೆಲೆ ಕಪ್ಪು. ಬೆಳಕು ಎಷ್ಟು ಕಡಿಮೆಯೆಂದರೆ, ಬಿಸಿಲಿಗೆ ಹೋದರೆ ಫೋನ್ ಹಿಡಿದಿದ್ದೇವೋ ಹೆಂಚಿನ ತುಂಡು ಹಿಡಿದಿದ್ದೇವೋ ತಿಳಿಯದು. ಎಲ್ಲಕ್ಕಿಂತ ಭಯಂಕರವಾದದ್ದೆಂದರೆ ಗುಂಡಿಗಳ ಸ್ಥಳಾಂತರ. ಫೋನ್ ಮಾಡುವ ಹಸಿರು ಗುಂಡಿ ಸೋಮವಾರ ಕೆಳಗೆ ಎಡಕ್ಕೆ, ಮಂಗಳವಾರ ಮೇಲೆ ಬಲಕ್ಕೆ, ಬುಧವಾರ ನಡುವೆ. ವೇಳಾಪಟ್ಟಿಯನ್ನು ಕಾಕಾ ತಮ್ಮ ಮುತ್ತಿನಂಥ ಅಕ್ಷರಗಳಲ್ಲಿ ಬರೆದು ಅಡುಗೆಮನೆಯ ಕಪಾಟಿಗೆ ಅಂಟಿಸಿದ್ದರು. ಫೋನ್ ಮಾಡಬೇಕಾದರೆ ಮೊದಲು ಪಂಚಾಂಗ ನೋಡಬೇಕು!

ಒಂದು ಗುರುವಾರ ಕಾಕು ಇಂದಾಪುರದಲ್ಲಿರುವ ತಮ್ಮ ಅಕ್ಕನಿಗೆ ಫೋನ್ ಮಾಡಲು ಹೋದರು. ಬುಧವಾರ ಹಸಿರು ಗುಂಡಿ ಇದ್ದ ಜಾಗಕ್ಕೆ ಗುರುವಾರ ಕ್ಯಾಮೆರಾ ಬಂದಿತ್ತು. ಕಾಕು ಒತ್ತಿಯೇ ಒತ್ತಿದರು. ಅಕ್ಕ ಎತ್ತಲೇ ಇಲ್ಲ. ಸಂಜೆ ನೋಡಿದರೆ ಫೋನಿನ ತುಂಬ ಕಾಕುವಿನ ಗದ್ದದ ಫೋಟೋಗಳು! ಕೆಳಗಿನಿಂದ ತೆಗೆದವು, ಮೂಗಿನ ಹೊಳ್ಳೆಗಳ ಸಮೇತ. ನಾನೂ ವೀಣಾಳೂ ದಂಗಾಗಿ ನೋಡುತ್ತಿದ್ದರೆ ಕಾಕಾ ಒಂದೊಂದನ್ನೂ ಸರಿಸಿ ಪರಿಶೀಲಿಸಿದರು.

“ಗದ್ದ ಚಲೋ ಬಂದದ,” ಎಂದರು. “ಮತ್ತ ನೋಡು, ಒಂದೂ ಒಂದರಂಗ ಇಲ್ಲ. ಹಿಂಗಿರಬೇಕು!”

ಕಾಕು ಲಟ್ಟಣಿಗೆ ಹಿಡಿದೇ ಒಳಗಿನಿಂದ ಬಂದದ್ದನ್ನು ನೋಡಿ ನಾವು ಮೇಲೆ ಓಡಿದೆವು.

ಆಮೇಲೆ ಕಾಕಾನ ಉಪಕಾರ ಹೊಸ್ತಿಲು ದಾಟಿತು. ಎದುರುಮನೆಯಲ್ಲಿ ಒಬ್ಬ ಮರಾಠಿ ಆಜಿ. ಅವರ ಟಿವಿಯಲ್ಲಿ ಬೆಳಗಿನಿಂದ ಒಂದೇ ಚಾನೆಲ್. ಮೂಲೆಯಲ್ಲಿ ಅದರ ಗುರುತು ಸದಾ ಹೊಳೆಯುತ್ತಿರುತ್ತದೆ. ಕಾಕಾ ಅದನ್ನು ಬಾಗಿಲಿನಿಂದ ಕಂಡರು. ಆ ಟಿವಿ ಹಳೆಯ ಮಾದರಿಯದು, ಅದಕ್ಕೆ ಈ ರೋಗ ಅಷ್ಟು ಸುಲಭಕ್ಕೆ ತಗಲುವುದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಒಳಗೇ ಹೋಗಿಬಿಟ್ಟರು. ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಕೆನ್ನೆಗೆ ಕೈ ಎತ್ತಿದ್ದಳು. ಆಜಿ ಉಸಿರು ಬಿಗಿಹಿಡಿದಿದ್ದರು. ಕಾಕಾ ರಿಮೋಟ್ ಎತ್ತಿಕೊಂಡು ಚಾನೆಲ್ ಬದಲಿಸಿದರು. ಪರದೆಯ ಮೇಲೆ ಎಮ್ಮೆಗಳಿಗೆ ಕಾಲುಬಾಯಿ ರೋಗದ ಲಸಿಕೆ ಹಾಕುವ ವಿಧಾನ!

ಆಜಿ ಏನೆಂದರೆಂಬುದನ್ನು ನಾನು ಅನುವಾದಿಸಲಾರೆ. ಪುಣೆಯ ಆಜಿಯರು ಬಯ್ಯುವಾಗಲೂ ವ್ಯಾಕರಣ ತಪ್ಪುವುದಿಲ್ಲ ಎಂದಷ್ಟೇ ಹೇಳಬಲ್ಲೆ. ಕಾಕಾ ನಮ್ಮಲ್ಲಿಗೆ ಬಂದು ನೀರು ಕುಡಿದು, “ಮಂದಿಗೆ ಉಪಕಾರ ಬ್ಯಾಡಾಗೇದ,” ಎಂದು ನಿಟ್ಟುಸಿರುಬಿಟ್ಟರು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ವೀಣಾಳಿಗೆ ಒಂದು ಸಂಬಂಧ ಕೂಡಿಬಂತು. ಹುಡುಗ ಬೆಳಗಾವಿಯವನು, ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಜಾತಕ ಹೊಂದಿತ್ತು, ಅವ್ವನಿಗೆ ಮನಸ್ಸೂ ಹೊಂದಿತ್ತು. ಊರಿಂದ ಬರುವ ಮೊದಲು ಒಮ್ಮೆ ವಿಡಿಯೋದಲ್ಲಿ ಮುಖ ನೋಡಿಕೊಳ್ಳೋಣ ಎಂದು ಅವರು ಹೇಳಿಕಳಿಸಿದರು. “ಹಿರಿಯರ ಫೋನಿನಿಂದಲೇ ಆಗಲಿ,” ಎಂದಳು ಅವ್ವ. ತಿಳಿದೂ ತಿಳಿದೂ ಹಾಗೇಕೆ ಹೇಳಿದಳೋ ಇವತ್ತಿಗೂ ನನಗೆ ಅರ್ಥವಾಗಿಲ್ಲ!

ಕಾಕಾ ಫೋನನ್ನು ಡಬ್ಬಿಯೊಂದಕ್ಕೆ ಒರಗಿಸಿ ನಿಲ್ಲಿಸಿದರು. ಬೆಳಗಾವಿಯ ಸೋಫಾದಲ್ಲಿ ಹುಡುಗ, ಅವನ ತಂದೆ, ತಾಯಿ ಮೂವರೂ ಫೋಟೋಕ್ಕೆ ಕುಳಿತವರಂತೆ ಕುಳಿತಿದ್ದರು. ಮರ್ಯಾದೆಯ ಜನ. ಕೈ ಮಡಿಲಲ್ಲಿ, ಬೆನ್ನು ನೆಟ್ಟಗೆ. ಮಾತು ಶುರುವಾಯಿತು. ಎರಡನೇ ನಿಮಿಷಕ್ಕೆ ಕಾಕಾ ಚಡಪಡಿಸತೊಡಗಿದರು. ಮೂರನೆಯದಕ್ಕೆ ಹಣೆ ಒರೆಸಿಕೊಂಡರು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಪ್ರಯೋಜನವಾಗಲಿಲ್ಲ.

“ಬೀಗರ, ತಪ್ಪ ತಿಳಕೋಬ್ಯಾಡ್ರಿ,” ಎಂದರು ಕಾಕಾ. “ಎಲ್ಲಾರೂ ಸ್ವಲ್ಪ ಅಲ್ಲಾಡ್ರಿ!”



“ಏನಂದ್ರಿ?” ಎಂದರು ಹುಡುಗನ ತಂದೆ.

“ಅಲ್ಲಾಡ್ರಿ ಅಂದೆ. ಐದು ನಿಮಿಷಾತು, ಒಬ್ಬರೂ ಜಾಗಾ ಬಿಟ್ಟಿಲ್ಲ. ಅಚ್ಚು ಬೀಳ್ತದ! ನೀವು ಅತ್ತಾಗ ಸರೀರಿ, ನಿಮ್ಮ ಮನಿಯವರು ಇತ್ತಾಗ ಬರ್ಲಿ. ಅವರ ಕಿವಿಯೋಲಿ ಭಾಳ ಹೊಳೀಲಿಕ್ಕತ್ತಾವ, ಮೊದಲ ಅವ ಸುಡ್ತಾವ.”

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಾಕು ಕಣ್ಣು ಮುಚ್ಚಿಕೊಂಡು ಮನೆದೇವರನ್ನು ನೆನೆದರು. ನನಗಂತೂ ನೆಲ ಬಿರಿದು ಒಳಗೆಳೆದುಕೊಳ್ಳಬಾರದೇ ಎನ್ನಿಸಿತು. ಹುಡುಗನ ತಾಯಿ ಎರಡೂ ಕಿವಿಗಳನ್ನು ಮುಟ್ಟಿ ನೋಡಿಕೊಂಡರು, ನಿಜವಾಗಿ ಸುಡುತ್ತಿವೆಯೋ ಏನೋ ಎಂಬಂತೆ! ಆಗ, ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ಹುಡುಗ ಗಂಭೀರವಾಗಿ ಒಮ್ಮೆ ಎಡಕ್ಕೆ ವಾಲಿದ, ಒಮ್ಮೆ ಬಲಕ್ಕೆ ವಾಲಿದ.

“ಇಷ್ಟ ಸಾಕೇನ್ರಿ ಮಾಮಾರ?”

“ಹಾಂ!” ಎಂದರು ಕಾಕಾ ಬೆರಳೆತ್ತಿ. “ಪಾಸ್!”

ಹುಡುಗಿಗಿಂತ ಮೊದಲು ಕಾಕಾನೇ ಹುಡುಗನನ್ನು ಪಾಸ್ ಮಾಡಿಬಿಟ್ಟರು! ವೀಣಾ ತಡೆಯಲಾರದೆ ಕಿಸಕ್ಕನೆ ನಕ್ಕಳು. ಅತ್ತಲಿಂದ ತಂದೆಯವರು ಕರೆ ಕತ್ತರಿಸಿದರು.

ನಾಲ್ಕು ದಿನ ಬೆಳಗಾವಿಯಿಂದ ಸುದ್ದಿಯಿಲ್ಲ. ಅವ್ವ ಕಾಕಾನ ಜೊತೆ ಮಾತು ಬಿಟ್ಟಳು. ವೀಣಾ ಎರಡೆರಡು ಸಲ ನನ್ನ ಫೋನ್ ಎತ್ತಿ ನೋಡಿ ಇಡುತ್ತಿದ್ದಳು. ಕಾಕಾ ಮೂರನೇ ಮಹಡಿಯವರೆಗೆ ಹತ್ತಿಬಂದು ಬಾಗಿಲ ಹೊರಗೆ ನಿಂತು, ಕರೆಗಂಟೆ ಒತ್ತದೆಯೇ ಇಳಿದುಹೋದದ್ದನ್ನು ನಾನು ಕಿಟಕಿಯಿಂದ ಕಂಡೆ. ಐದನೆಯ ದಿನ ಹುಡುಗನ ತಾಯಿ ತಾವಾಗಿಯೇ ಫೋನ್ ಮಾಡಿದರು. “ನಮ್ಮ ಮನ್ಯಾಗ ನಗೂದ ಭಾಳ ಕಡಿಮಿ ಐತ್ರಿ,” ಎಂದರಂತೆ. “ನಾಕ ದಿನದಿಂದ ನಮ್ಮ ಹುಡುಗ ಊಟಕ್ಕ ಕುಂತಾಗೂ ಅಲ್ಲಾಡಾಕತ್ತಾನ. ಇವರೂ ನಿನ್ನೆ ನಕ್ರು. ನಿಶ್ಚಯ ಮಾಡೋಣ್ರಿ.”

ಅವ್ವ ಕೆಳಗಿಳಿದು ಹೋಗಿ ಕಾಕಾನ ಕೈಗೆ ಸಕ್ಕರೆ ಹಾಕಿ ಬಂದಳು. ಆದರೂ ಮಾತಾಡಿಸಲಿಲ್ಲ. ತತ್ವ ಎಂದರೆ ತತ್ವ!

ಇನ್ನಾದರೂ ಕಾಕಾ ಬುದ್ಧಿ ಕಲಿತಿರಬೇಕು ಎಂದುಕೊಂಡಿರಾ? ಆ ಕರೆಯಲ್ಲಿ ಬೆಳಗಾವಿಯವರ ಅಚ್ಚು ತಮ್ಮ ಪರದೆಗೆ ಬಿದ್ದಿರಬಹುದೆಂಬ ಗುಮಾನಿ ಅವರನ್ನು ಕೊರೆಯತೊಡಗಿತು. ಮುಂದಿನ ಭಾನುವಾರ ಬೆಳಿಗ್ಗೆ ಎರಡೂ ಮನೆಯವರನ್ನು ಫೋನುಗಳ ಸಮೇತ ತಮ್ಮ ಪಡಸಾಲೆಗೆ ಕರೆಸಿದರು. ಪರದೆಯ ತುಂಬ ಬರೀ ಬೂದು ಬಣ್ಣ ಹಚ್ಚಿದರೆ ಎಂಥ ಸಣ್ಣ ಅಚ್ಚಾದರೂ ಎದ್ದು ಕಾಣುತ್ತದಂತೆ. ಎಲ್ಲರೂ ಸಾಲಾಗಿ ನಿಂತು ತಂತಮ್ಮ ಫೋನ್ ನೋಡಬೇಕು. ಅದೂ ಸುಮ್ಮನೆ ಅಲ್ಲ, ಕಾರ್ಖಾನೆಯ ಪದ್ಧತಿಯಲ್ಲಿ, ಒಂದು ಕಣ್ಣು ಮುಚ್ಚಿಕೊಂಡು!

“ಒಂದ್ಯಾಕ್ರಿ ಕಾಕಾ?” ಎಂದಳು ವೀಣಾ.

“ಎರಡು ಕಣ್ಣು ಒಂದಕ್ಕೊಂದು ಸುಳ್ಳು ಸಾಕ್ಷಿ ಹೇಳ್ತಾವವಾ. ಒಂದ ಮುಚ್ಚು. ಆಮ್ಯಾಲ ಇನ್ನೊಂದು ಮುಚ್ಚು.”

ನನ್ನದು ಪಾಸ್. ವೀಣಾಳದು ಪಾಸ್. ಅವ್ವನದು, ಮುಖ ತಿರುಗಿಸಿಕೊಂಡೇ, ಪಾಸ್. ಕಾಕು ತಮ್ಮ ಫೋನನ್ನು ಹಿಡಿದು ಬಲಗಣ್ಣು ಮುಚ್ಚಿದರು: ಏನೂ ಇಲ್ಲ. ಎಡಗಣ್ಣು ಮುಚ್ಚಿದರು. ಸ್ವಲ್ಪ ಹೊತ್ತು ನೋಡಿದರು.

“ನಡುವ ಒಂದು ಕಲಿ ಅದಲ್ರೀ,” ಎಂದರು.

ಕಾಕಾ ಹೌಹಾರಿ ಫೋನ್ ಕಸಿದುಕೊಂಡರು. ನೋಡಿದರು; ಕಲೆ ಇಲ್ಲ. ನಾನು ನೋಡಿದೆ, ಇಲ್ಲ. ವೀಣಾ ನೋಡಿದಳು, ಇಲ್ಲ. ನಾವೆಲ್ಲ ಕಾಕುವನ್ನು ಗೇಲಿ ಮಾಡತೊಡಗಿದೆವು. ಕಾಕಾ ಮಾತ್ರ ನಗಲಿಲ್ಲ. “ಆಕಿ ಇಲ್ಲದ್ದ ಹೇಳೂದಿಲ್ಲ,” ಎಂದವರೇ ಚಪ್ಪಲಿ ಮೆಟ್ಟಿ, ಖಡಕಿ ಬಜಾರಿನ ಮೊಬೈಲ್ ರಿಪೇರಿಯವನ ಬಳಿ ಹೊರಟರು. ಆ ನಡುವಯಸ್ಸಿನ ಮನುಷ್ಯ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಇಡೀ ಪರದೆ ಜಾಲಾಡಿ, “ಕಾಹೀ ನಾಹೀ,” ಎಂದು ಕೈ ಆಡಿಸಿದನಂತೆ. ಏನೂ ಇಲ್ಲ!

ತಿರುಗಿ ಬಂದ ಕಾಕಾ ಈ ಸಲ ತಮ್ಮ ಫೋನನ್ನೇ ಕಾಕುವಿನ ಕೈಗಿಟ್ಟರು. “ಎಡಗಣ್ಣ ಮುಚ್ಚು. ಏನ ಕಾಣ್ತದ?”

“ಕಲಿ ಅದ.”

“ಎಲ್ಲೆ?”

“ನಡುವ. ಅದ ಜಾಗಾದಾಗ.”

ವೀಣಾಳ ಫೋನ್ ಕೊಟ್ಟರು. ಅಲ್ಲೂ ಕಲೆ. ನಾವು ನಗುವುದನ್ನು ನಿಲ್ಲಿಸಿದ್ದೆವು. ಕಾಕಾ ನಿಧಾನವಾಗಿ ಕಾಕುವಿನ ಭುಜ ಹಿಡಿದು ಬಿಳಿ ಗೋಡೆಯ ಕಡೆ ತಿರುಗಿಸಿದರು. ಕಾಕುವೇ ಹೇಳಿದರು:

“ಅಲ್ಲೂ ಅದ್ರಿ.”

ಕಾಕಾ ನಿಂತಲ್ಲೇ ಕುಸಿದು ಕುಳಿತರು ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ. ಆದರೆ ಅವರು ಕೂರಲಿಲ್ಲ. ಮೂರು ಫೋನುಗಳನ್ನೂ ನೆಲದ ಮೇಲೆ ಬಿಟ್ಟು, ಒಂದು ಕಾಲಿಗೆ ತಮ್ಮದು, ಒಂದು ಕಾಲಿಗೆ ನನ್ನದು ಚಪ್ಪಲಿ ಮೆಟ್ಟಿ, ರಿಕ್ಷಾ ತರಲು ಓಡಿದರು. ಆ ವಯಸ್ಸಿನ ಮನುಷ್ಯ ಹಾಗೆ ಓಡುವುದನ್ನು ನಾನು ನೋಡಿಯೇ ಇರಲಿಲ್ಲ.

ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಹಳ ಹೊತ್ತು ಪರೀಕ್ಷಿಸಿದರು. ಬಲಗಣ್ಣಿನ ಹಿಂಭಾಗದ ಪರದೆಯಲ್ಲಿ ನೀರು ಸೋರಿ, ನಡುವಿನ ಜಾಗ ಊದಿಕೊಂಡಿದೆ. ಎಡಗಣ್ಣು ಚೆನ್ನಾಗಿರುವುದರಿಂದ ಅದೇ ಎರಡರ ಕೆಲಸವನ್ನೂ ಮಾಡುತ್ತಿತ್ತು, ಹಾಗಾಗಿ ಗೊತ್ತಾಗಿಲ್ಲ. ಇನ್ನೂ ತಡವಾಗಿದ್ದರೆ ಆ ಕಲೆ ಖಾಯಂ ಉಳಿಯುತ್ತಿತ್ತು. ಈಗ ಕಣ್ಣಿಗೇ ಇಂಜೆಕ್ಷನ್ ಕೊಡಬೇಕು, ತಿಂಗಳಿಗೊಂದರಂತೆ. ಪೂರ್ತಿ ಅಲ್ಲದಿದ್ದರೂ ಬಹುಪಾಲು ಉಳಿಸಬಹುದು. ಹೀಗೆಂದು ಹೇಳಿ, “ಒಂದೇ ಕಣ್ಣಿನದು ಸಾಮಾನ್ಯವಾಗಿ ಯಾರಿಗೂ ಗೊತ್ತಾಗುವುದಿಲ್ಲ. ನಿಮಗೆ ಹೇಗೆ ಗೊತ್ತಾಯಿತು?” ಎಂದು ಮರಾಠಿಯಲ್ಲಿ ಕೇಳಿದರು. ಕಾಕಾ ತಲೆ ತಗ್ಗಿಸಿ, ಕಳ್ಳತನ ಒಪ್ಪಿಕೊಳ್ಳುವವರಂತೆ, ಮೊಬೈಲ್ ಪರೀಕ್ಷೆಯ ಕಥೆ ಹೇಳಿದರು. ಡಾಕ್ಟರಮ್ಮ ನಗಲಿಲ್ಲ. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಅವರನ್ನೇ ನೋಡಿದರು.

ಆಗ ಕಾಕು ಮೆಲ್ಲಗೆ ಬಾಯಿ ಬಿಟ್ಟರು. ಎರಡು ತಿಂಗಳಿಂದ ಬಾಗಿಲ ಚೌಕಟ್ಟು ಒಮ್ಮೊಮ್ಮೆ ಸೊಟ್ಟಗೆ ಕಾಣುತ್ತಿತ್ತಂತೆ. ಸೂಜಿಗೆ ದಾರ ಪೋಣಿಸುವಾಗ ತಲೆ ವಾಲಿಸಬೇಕಾಗುತ್ತಿತ್ತಂತೆ. ವಯಸ್ಸಾಯಿತು ಎಂದು ಸುಮ್ಮನಿದ್ದರಂತೆ!

“ನನಗ ಯಾಕ ಹೇಳ್ಲಿಲ್ಲ ನೀ?” ಎಂದರು ಕಾಕಾ.

“ಹೇಳಿದ್ರ ಅದಕ್ಕೊಂದು ವೇಳಾಪಟ್ಟಿ ಮಾಡ್ತಿದ್ರಿ,” ಎಂದರು ಕಾಕು.

ಮೊದಲ ಇಂಜೆಕ್ಷನ್ನಿನ ದಿನ ನಾನು ಕಚೇರಿಗೆ ರಜೆ ಹಾಕಿ ಜೊತೆಗೆ ಹೋಗಿದ್ದೆ. ಕಾಕುವನ್ನು ಒಳಗೆ ಕರೆದೊಯ್ದರು. ಕಾಕಾ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತರು. ಕೈಯಲ್ಲಿ ಫೋನ್ ಇರಲಿಲ್ಲ, ಮನೆಯಲ್ಲೇ ಮರೆತಿದ್ದರೋ ಏನೋ. ಆಮೇಲೆ ಅಂದರು:

“ದಿನಾ ಎಷ್ಟೆಷ್ಟ ತುಂಡು ನೋಡ್ತಿದ್ದೆ ಗೊತ್ತದೇನವಾ? ಕೂದಲೆಳಿಯಷ್ಟು ಬಿರುಕಿದ್ರೂ ಹಿಡೀತಿದ್ದೆ. ಇಕಿ ತಲಿ ವಾಲಿಸಿ ಸೂಜಿ ಪೋಣಸೂದು ಎದುರಿಗೇ ಕುಂತು ನೋಡೀನಿ. ನೋಡೀನಿ ಖರೆ...”

ಮೂಗು ಒರೆಸಿಕೊಂಡು ಬಾಗಿಲ ಕಡೆ ತಿರುಗಿದರು.

ಈಗ ಮೂರು ಇಂಜೆಕ್ಷನ್ ಆಗಿವೆ. ಆಸ್ಪತ್ರೆಯಿಂದ ಒಂದು ಕಾಗದ ಕೊಟ್ಟಿದ್ದಾರೆ. ತುಂಬ ಚೌಕುಳಿ ಗೆರೆಗಳು, ನಡುವೆ ಒಂದು ಚುಕ್ಕೆ. ದಿನಾ ಬೆಳಿಗ್ಗೆ ಒಂದು ಕಣ್ಣು ಮುಚ್ಚಿ ಆ ಚುಕ್ಕೆ ನೋಡಬೇಕು, ಗೆರೆ ಸೊಟ್ಟಗೆ ಕಂಡರೆ ಕೂಡಲೇ ಹೇಳಬೇಕು. ಕಾಕಾ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ಕಾಕು ತಾವೇ ಕಣ್ಣು ಮುಚ್ಚಿಕೊಂಡರೆ ಬೆರಳ ಸಂದಿಯಿಂದ ನೋಡುತ್ತಾರೆಂದು ಆ ಕೆಲಸವನ್ನೂ ಕಾಕಾನೇ ವಹಿಸಿಕೊಂಡಿದ್ದಾರೆ.

ಮೊನ್ನೆ ಬೆಳಿಗ್ಗೆ ಕರಿಬೇವು ಕೇಳಲೆಂದು ಕೆಳಗಿಳಿದೆ. ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಫ್ರಿಜ್ಜಿನ ಮುಂದೆ ಕಾಕು ನಿಂತಿದ್ದರು. ಹಿಂದೆ ನಿಂತ ಕಾಕಾ ತಮ್ಮ ಅಂಗೈಯನ್ನು ಅವರ ಎಡಗಣ್ಣಿನ ಮೇಲೆ, ಒತ್ತದ ಹಾಗೆ, ಗುಬ್ಬಿಮರಿ ಹಿಡಿದಂತೆ ಇಟ್ಟಿದ್ದರು.

“ಗೆರಿ ಸೀದಾ ಅದಾವೇನು?”

“ಅದಾವ.”

“ಎಲ್ಲಾ?”

“ಎಲ್ಲಾ ಸೀದಾ ಅದಾವ್ರಿ. ನಿಮ್ಮ ಕೈ ಇಂಗಿನ ವಾಸನಿ ಹೊಡೀಲಿಕ್ಕತ್ತದ.”

“ಸಾರಿಗೆ ಒಗ್ಗರಣಿ ಹಾಕೀನಿ. ಕಲಿ?”

“ಸಣ್ಣದಾಗೇದ.”

ಪರೀಕ್ಷೆ ಅಲ್ಲಿಗೆ ಮುಗಿದಿತ್ತು. ಕಾಕಾ ಕೈ ತೆಗೆಯಲಿಲ್ಲ. ತೆಗೀರಿ ಎಂದು ಕಾಕುವೂ ಹೇಳಲಿಲ್ಲ. ನಾನು ಕರಿಬೇವು ಕೇಳದೆಯೇ, ಚಪ್ಪಲಿಯ ಸದ್ದಾಗದಂತೆ, ಮೆಟ್ಟಿಲು ಹತ್ತಿ ಬಂದೆ.